ಪಾಸ್‌ವರ್ಡ್ ಸರಿ ಉಂಟು, ಆದ್ರೂ 691

ಫೋನ್ ಲೈನಿನಲ್ಲಿ ಡಯಲ್ ಮಾಡಿ ಇಂಟರ್ನೆಟ್ ನೋಡುತ್ತಿದ್ದ ಡಯಲ್ ಅಪ್ ಕಾಲದಲ್ಲಿ, ಸಂಪರ್ಕ ಆಗದಿದ್ದರೆ ವಿಂಡೋಸ್ ಒಂದು ಎರರ್ ನಂಬರ್ ತೋರಿಸುತ್ತಿತ್ತು. 680 ಅಂದ್ರೆ ಡಯಲ್ ಟೋನ್ ಇಲ್ಲ. 676 ಅಂದ್ರೆ ಲೈನ್ ಬ್ಯುಸಿ. 678 ಅಂದ್ರೆ ಆ ಕಡೆಯಿಂದ ಉತ್ತರ ಬರಲಿಲ್ಲ. 718 ಅಂದ್ರೆ ಉತ್ತರ ಬಂತು, ಆದರೆ ಮಾತು ಮುಂದುವರಿಯಲಿಲ್ಲ. 691 ಅಂದ್ರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು. 2000ದ ಆಸುಪಾಸಿನಲ್ಲಿ ಮನೆ ಕಂಪ್ಯೂಟರಿಗೆ ಇಂಟರ್ನೆಟ್ ಹಾಕಿಸಿಕೊಂಡವರಲ್ಲಿ ಕೆಲವರಿಗಾದರೂ ಈ ನಂಬರ್‌ಗಳು ಇವತ್ತಿಗೂ ಬಾಯಿಪಾಠ ಇರಬಹುದು.

ಇವುಗಳಲ್ಲಿ ಮೊದಲ ನಾಲ್ಕನ್ನು ಹೆಚ್ಚುಕಮ್ಮಿ ನಂಬಬಹುದಿತ್ತು. 691ನ್ನು ಮಾತ್ರ ನಂಬುವಂತಿರಲಿಲ್ಲ. ಅದು ಪಾಸ್‌ವರ್ಡ್ ತಪ್ಪು ಅನ್ನುತ್ತಿತ್ತು. ಅರ್ಧಕ್ಕರ್ಧ ಸಲ ಪಾಸ್‌ವರ್ಡ್ ಸರಿಯೇ ಇರುತ್ತಿತ್ತು.

ಆಗ ನಾನು ಉಡುಪಿಯ ಕುಂಜಿಬೆಟ್ಟಿನಲ್ಲಿದ್ದೆ, ಕಾಲೇಜು ಹುಡುಗ. ಕಂಪ್ಯೂಟರ್ ಬಿಚ್ಚಿ ಮತ್ತೆ ಜೋಡಿಸುತ್ತಾನೆ ಅನ್ನುವ ಸುದ್ದಿ ಹೇಗೋ ಹಬ್ಬಿತ್ತು. ಸುತ್ತಲಿನ ಮನೆಗಳಲ್ಲಿ ಒಬ್ಬರಾದರೂ ಮಸ್ಕತ್‌ನಲ್ಲೋ ದುಬೈಯಲ್ಲೋ ಬಹರೈನ್‌ನಲ್ಲೋ ಇದ್ದರು. ಐಎಸ್‌ಡಿ ದುಬಾರಿ. ಹಾಗಾಗಿ ರಜೆಗೆ ಬಂದ ಮಗ ಒಂದು ಕಂಪ್ಯೂಟರ್ ಅಸೆಂಬಲ್ ಮಾಡಿಸಿ, ಅದರೊಳಗೆ ಫೋನ್ ಲೈನಿನಲ್ಲಿ ಕಂಪ್ಯೂಟರ್ ಮಾತಾಡಲು ಒಂದು ಮೋಡೆಮ್ ಕಾರ್ಡ್ ಹಾಕಿಸಿ, ಇಷ್ಟು ಗಂಟೆಗೆ ಅಂತ ಮೊದಲೇ ದುಡ್ಡು ಕೊಟ್ಟ ಇಂಟರ್ನೆಟ್ ಪ್ಯಾಕ್ ತಂದಿಟ್ಟು, ಅಪ್ಪನಿಗೆ ಇಮೇಲ್ ನೋಡುವುದನ್ನು ಕಲಿಸಿ ವಿಮಾನ ಹತ್ತುತ್ತಿದ್ದ. ಸ್ವಲ್ಪ ದಿನಕ್ಕೆ ಅಪ್ಪ ನಮ್ಮ ಗೇಟಿನ ಹತ್ತಿರ ಹಾಜರು. "ಎಂತ ಮಾರಾಯ, ಪಾಸ್‌ವರ್ಡ್ ಸರಿಯೇ ಉಂಟು, ಆದ್ರೂ ಬರುದಿಲ್ಲ."

ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಅದೂ ಮೊದಲಿಗೆ ಮಹಾನಗರಗಳಿಗೆ ಮಾತ್ರ. ಖಾಸಗಿ ಕಂಪನಿಗಳಿಗೆ ಅವಕಾಶ ಕೊಟ್ಟದ್ದು 1998ರ ನವೆಂಬರ್‌ನಲ್ಲಿ. 2000ದ ಅಕ್ಟೋಬರ್ 1ಕ್ಕೆ ಬಿಎಸ್‌ಎನ್‌ಎಲ್ ಹುಟ್ಟಿತು. ಅದರ ಇಂಟರ್ನೆಟ್ ಸೇವೆ ಸಂಚಾರ್‌ನೆಟ್‌ಗೆ ಎಲ್ಲಿಂದ ಬೇಕಾದರೂ 172233 ಅಂತ ಡಯಲ್ ಮಾಡಿದರೆ ಆಯಿತು. ಅಲ್ಲಿವರೆಗೆ ಕಥೆ ಬೇರೆ ಇತ್ತು. ನಿಮ್ಮ ಊರಿನಲ್ಲಿ ಸೇವಾದಾರರ ನೋಡ್, ಅಂದರೆ ಕರೆ ಎತ್ತುವ ಕೇಂದ್ರ, ಇಲ್ಲದಿದ್ದರೆ ಹತ್ತಿರದ ನಗರಕ್ಕೆ ಎಸ್‌ಟಿಡಿ ಕರೆ ಮಾಡಿಯೇ ಇಂಟರ್ನೆಟ್ ನೋಡಬೇಕು. ಒಂದು ಕಡೆ ಇಂಟರ್ನೆಟ್ ಗಂಟೆಯ ಲೆಕ್ಕ, ಇನ್ನೊಂದು ಕಡೆ ಫೋನಿನ ಪಲ್ಸ್ ಲೆಕ್ಕ. ಸಂಪರ್ಕ ಆಗದೆ ಒದ್ದಾಡುವುದಕ್ಕೂ ದುಡ್ಡು ಹೋಗುತ್ತಿತ್ತು. ಪಾಸ್‌ವರ್ಡ್ ತಪ್ಪು ಅನ್ನಿಸಿಕೊಂಡ ಕರೆಗೂ ಆ ಕಡೆಯ ಮೋಡೆಮ್ ಫೋನ್ ಎತ್ತಿದೆ ಅಲ್ವಾ? ಮೀಟರ್ ಓಡಿದೆ.

ಯಾರ ಮನೆಗೆ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ ಇತ್ತು: ಎಲ್ಲಿವರೆಗೆ ಬಂತು? "ಇಂಟರ್ನೆಟ್ ಬರುದಿಲ್ಲ" ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಡಯಲ್‌ ಅಪ್‌ನಲ್ಲಿ ಕೆಲಸಗಳು ಸಾಲಾಗಿ ನಡೆಯುತ್ತವೆ. ಮೋಡೆಮ್ ಲೈನ್ ಹಿಡಿಯುತ್ತದೆ, ಟೋನ್ ಕೇಳಿಸಿಕೊಳ್ಳುತ್ತದೆ, ನಂಬರ್ ಒತ್ತುತ್ತದೆ. ಆ ಕಡೆ ರಿಂಗ್ ಆಗುತ್ತದೆ, ಅಲ್ಲಿನ ಮೋಡೆಮ್ ಎತ್ತುತ್ತದೆ, ಎರಡೂ ಸೇರಿ ವೇಗ ಗೊತ್ತುಮಾಡಿಕೊಳ್ಳುತ್ತವೆ. ಆಮೇಲೆ ಪಿಪಿಪಿ ಶುರು, ಅಂದರೆ ಎರಡು ಕಂಪ್ಯೂಟರ್‌ಗಳು ಲೈನಿನಲ್ಲಿ ಮಾತಾಡಿಕೊಳ್ಳುವ ನಿಯಮಾವಳಿ. ನೀವು ಯಾರು ಅನ್ನುವ ವಿಚಾರಣೆ. ಕೊನೆಗೆ ಇಂಟರ್ನೆಟ್‌ನಲ್ಲಿ ನಮ್ಮನ್ನು ಗುರುತಿಸುವ ಒಂದು ಐಪಿ ವಿಳಾಸ. ಎಲ್ಲಿ ನಿಂತಿತು ಅನ್ನುವುದು ಗೊತ್ತಾದರೆ ಅದಕ್ಕಿಂತ ಹಿಂದಿನದ್ದೆಲ್ಲ ಸರಿ ಇದೆ ಎಂದೇ ಲೆಕ್ಕ. 691 ಬಂದಾಗ ಲೈನ್‌ಮ್ಯಾನ್ ಕರೆಸುವುದು ದಂಡ. 680 ಬಂದಾಗ ವಿಂಡೋಸ್ ಫಾರ್ಮ್ಯಾಟ್ ಮಾಡುವುದೂ ದಂಡ. ಎರಡನ್ನೂ ಮಾಡಿಸಿದ ಜನ ಇದ್ದರು. ಮಾಡಿಕೊಟ್ಟು ದುಡ್ಡು ತೆಗೆದುಕೊಂಡ ಅಂಗಡಿಗಳೂ ಇದ್ದವು.

680ರ ಬಗ್ಗೆ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾದ್ದೇನೂ ಇಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು. ಕಂಬದಿಂದ ಮನೆಗೆ ಬರುವ ಜೋಡುತಂತಿ ತೆಂಗಿನ ಗರಿಗೆ ತಾಗಿಕೊಂಡಿರುತ್ತದೆ. ಜಾಯಿಂಟ್‌ಗೆ ಸುತ್ತಿದ ಟೇಪು ಒಂದು ಮಳೆಗಾಲಕ್ಕೇ ಕಳಚಿ ಬರುತ್ತದೆ. ಉಪ್ಪುಗಾಳಿಗೆ ತಾಮ್ರ ಹಸಿರು ಕಟ್ಟುತ್ತದೆ. ಗೋಡೆಯ ಮೇಲಿನ ಪುಟ್ಟ ರೋಸೆಟ್ ಡಬ್ಬಿ ತೆರೆದರೆ ಒಳಗೆ ಇರುವೆಗಳ ಸಂಸಾರ. ಅದನ್ನು ಊದಿ, ತಂತಿಯ ತುದಿಯನ್ನು ಬ್ಲೇಡಿನಲ್ಲಿ ಕೆರೆದು, ಮತ್ತೆ ಸ್ಕ್ರೂ ಬಿಗಿ ಮಾಡಿದರೆ ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಕೆಲಸ ಮುಗಿಯುತ್ತಿತ್ತು. ಇನ್ನು ಕೆಲವು ಕಡೆ ಒಳಕೋಣೆಯ ಪ್ಯಾರಲಲ್ ಫೋನಿನ ರಿಸೀವರ್ ಸರಿಯಾಗಿ ಕೂತಿರುವುದಿಲ್ಲ. ಅಜ್ಜಿ ಮಾತಾಡಿ ಇಟ್ಟದ್ದು ವಾರೆಯಾಗಿರುತ್ತದೆ. ಇಷ್ಟೇ.

ಸಿಡಿಲು ಮಾತ್ರ ಸಣ್ಣ ವಿಷಯ ಅಲ್ಲ. ಮಳೆಗಾಲ ಶುರುವಾಗುವ ಮೊದಲು ಏಪ್ರಿಲ್, ಮೇಯಲ್ಲಿ, ಆಮೇಲೆ ಮಳೆ ಹಿಂದಿರುಗುವ ಅಕ್ಟೋಬರ್‌ನಲ್ಲಿ, ಸಂಜೆ ಹೊತ್ತು ಗುಡುಗು ಸಿಡಿಲಿನ ಮಳೆ ನಮ್ಮಲ್ಲಿ ಖಾಯಂ. ಜನ ಟೀವಿಯ ಕೇಬಲ್ ಎಳೆಯುತ್ತಿದ್ದರು, ಕಂಪ್ಯೂಟರಿನ ಕರೆಂಟ್ ಪಿನ್ ತೆಗೆಯುತ್ತಿದ್ದರು. ಮೋಡೆಮ್‌ಗೆ ಸಿಕ್ಕಿಸಿದ ಫೋನ್ ತಂತಿ ಮಾತ್ರ ಅಲ್ಲೇ. ಕಿಲೋಮೀಟರ್‌ಗಟ್ಟಲೆ ಬಯಲಲ್ಲಿ ಕಂಬದಿಂದ ಕಂಬಕ್ಕೆ ಹಾದುಬಂದ ತಾಮ್ರ ಅದು. ಹತ್ತಿರದಲ್ಲಿ ಸಿಡಿಲು ಬಡಿದರೆ ವೋಲ್ಟೇಜ್ ನೇರ ಒಳಗೆ ಬರುತ್ತದೆ. ಅದೃಷ್ಟ ಇದ್ದರೆ ಮೋಡೆಮ್ ಕಾರ್ಡ್ ಒಂದೇ ಸುಡುತ್ತಿತ್ತು. ಇಲ್ಲದಿದ್ದರೆ ಅದರ ಜೊತೆ ಮದರ್‌ಬೋರ್ಡ್ ಕೂಡ. ಹೊರಗೆ ಇಡುವ ಎಕ್ಸ್‌ಟರ್ನಲ್ ಮೋಡೆಮ್ ದುಬಾರಿ ಆದರೂ ಕರಾವಳಿಯವರಿಗೆ ಅದೇ ಒಳ್ಳೆಯದು ಅಂತ ನಾನು ವಾದ ಮಾಡುತ್ತಿದ್ದೆ. ಸುಟ್ಟರೆ ಹೆಚ್ಚಾಗಿ ಅದೊಂದೇ ಸುಡುತ್ತದೆ. ನನ್ನ ಮಾತು ಕೇಳಿದವರು ಕಡಿಮೆ.

ಲೈನ್ ಸರಿ ಇದ್ದೂ 680 ಬರುವುದಿತ್ತು. ರಿಸೀವರ್ ಎತ್ತಿದರೆ ಟೋನ್ ಚೆನ್ನಾಗಿಯೇ ಕೇಳುತ್ತದೆ, ಮೋಡೆಮ್ ಮಾತ್ರ ಟೋನ್ ಇಲ್ಲ ಅನ್ನುತ್ತದೆ. ಇದಕ್ಕೆ ಕಾರಣ ಮೋಡೆಮ್ ಎಲ್ಲಿಯದು ಅನ್ನುವುದರಲ್ಲಿದೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಜ್‌ನ ಎರಡು ಸ್ವರ ಸೇರಿದ್ದು. ನಮ್ಮದು 400 ಹರ್ಟ್ಜ್‌ನ ಸುತ್ತಮುತ್ತಲಿನದು. ಅಲ್ಲಿನ ಕಿವಿ ಇಟ್ಟುಕೊಂಡು ಬಂದ ಕೆಲವು ಕಾರ್ಡ್‌ಗಳಿಗೆ ನಮ್ಮ ಟೋನ್ ಟೋನ್ ಅನ್ನಿಸುತ್ತಲೇ ಇರಲಿಲ್ಲ. ಮದ್ದು ಸುಲಭ. ಮೋಡೆಮ್ ಸೆಟ್ಟಿಂಗ್‌ನಲ್ಲಿ ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಅಂತ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ ಎಕ್ಸ್3 ಅಂತ ಬರೆದರೆ ಟೋನ್‌ಗೆ ಕಾಯದೆ ಸುಮ್ನೆ ನಂಬರ್ ಒತ್ತುತ್ತದೆ. ಮೋಡೆಮ್‌ಗೆ ಕೊಡುವ, ಹೇಸ್ ಕಂಪನಿಯ ಹಳೆಯ ಎಟಿ ಆದೇಶಗಳ ಸಾಲಿಗೆ ಸೇರಿದ್ದು ಅದು. ಎರಡೇ ಅಕ್ಷರ. ಅದನ್ನು ಬರೆದುಕೊಟ್ಟದ್ದಕ್ಕೆ ನನಗೆ ಒಂದು ಮನೆಯಲ್ಲಿ ನೀರುದೋಸೆ, ಕೋಳಿ ಸುಕ್ಕ ಸಿಕ್ಕಿತ್ತು. ಇವತ್ತು ಯಾವ ಕಸ್ಟಮರ್ ಕೇರ್‌ನವರಿಗೆ ಆ ಭಾಗ್ಯ ಇದೆ?

678ರಲ್ಲಿ ಒಂದು ತಮಾಷೆ ಇತ್ತು. ಪರದೆ ಒಂದು ಹೇಳಿದರೆ ಮೋಡೆಮ್‌ನ ಸ್ಪೀಕರ್ ಇನ್ನೊಂದು ಹೇಳುತ್ತಿತ್ತು. ವಿಂಡೋಸ್ ಮೊದಲ ಸಲ ಶುರುವಾದಾಗ ನಿಮ್ಮ ದೇಶ ಯಾವುದು, ಏರಿಯಾ ಕೋಡ್ ಏನು ಅಂತ ಕೇಳುತ್ತದೆ. ಅಂಗಡಿಯವನು ಏನೋ ಒಂದು ತುಂಬಿ ಕೊಟ್ಟಿರುತ್ತಾನೆ. ಡಯಲ್ ಮಾಡುವಾಗ ಏರಿಯಾ ಕೋಡ್ ಬಳಸು ಅನ್ನುವ ಟಿಕ್ ಉಳಿದುಬಿಟ್ಟರೆ, ಕಂಪ್ಯೂಟರ್ ತನ್ನ ಬುದ್ಧಿ ಉಪಯೋಗಿಸಿ ನಂಬರಿಗೆ ಮೊದಲು ಸೊನ್ನೆಯನ್ನೂ ಕೋಡನ್ನೂ ಸೇರಿಸುತ್ತದೆ. ಆಗ ಸ್ಪೀಕರ್‌ನಲ್ಲಿ ಎಕ್ಸ್‌ಚೇಂಜಿನ ಹೆಂಗಸಿನ ದನಿ: ನಂಬರ್ ಸರಿಯಿಲ್ಲ, ಪರಿಶೀಲಿಸಿ. ಮೂರು ಭಾಷೆಯಲ್ಲಿ ಹೇಳಿ ಮುಗಿಸುತ್ತಾಳೆ. ಪರದೆಯಲ್ಲಿ ಮಾತ್ರ ಉತ್ತರ ಇಲ್ಲ ಅಂತ ಬರುತ್ತದೆ. ಮೋಡೆಮ್‌ಗೆ ಬೇಕಾದದ್ದು ಇನ್ನೊಂದು ಮೋಡೆಮ್‌ನ ದನಿ. ಮನುಷ್ಯರ ದನಿ ಅದಕ್ಕೆ ಉತ್ತರವೇ ಅಲ್ಲ. ಕಿರಿಕಿರಿ ಅಂತ ಸ್ಪೀಕರ್ ಮುಚ್ಚಿಸಿದವರಿಗೆ ಈ ಸುಳಿವು ಸಿಗುತ್ತಿರಲಿಲ್ಲ.

ಆ ಕಿರಿಕಿರಿ ಸದ್ದಿನ ಬಗ್ಗೆ ಎಲ್ಲರೂ ಈಗ ಹಳೆಯ ನೆನಪು ಅಂತ ಬರೆಯುತ್ತಾರೆ. ನನಗೆ ಅದು ರಿಪೇರಿಯ ಸಾಧನ. ಮೊದಲು ಬರುವ ಉದ್ದನೆಯ ಪೀಂ ಇದೆಯಲ್ಲ, ಅದು ಆ ಕಡೆಯ ಮೋಡೆಮ್‌ನ 2100 ಹರ್ಟ್ಜ್ ಸ್ವರ. ಇದು ಮಾತಿನ ಕರೆ ಅಲ್ಲ, ನಿಮ್ಮ ಪ್ರತಿಧ್ವನಿ ತೆಗೆಯುವ ಯಂತ್ರ ನಿಲ್ಲಿಸಿ ಅಂತ ದಾರಿಯಲ್ಲಿರುವ ಟೆಲಿಫೋನ್ ಸಾಧನಗಳಿಗೆ ಅದು ಹೇಳುತ್ತದೆ. ಆಮೇಲೆ ಚಿಲಿಪಿಲಿ. ಎರಡೂ ಮೋಡೆಮ್‌ಗಳು ತಮಗೆ ಏನೇನು ಬರುತ್ತದೆ ಅಂತ ನಿಧಾನ ವೇಗದಲ್ಲಿ ವಿನಿಮಯ ಮಾಡಿಕೊಳ್ಳುತ್ತವೆ. ಆಮೇಲಿನ ಗರಗರ ಎಂದರೆ ಲೈನಿನ ಪರೀಕ್ಷೆ. ಎಲ್ಲ ಸರಿಹೋದರೆ ಸ್ಪೀಕರ್ ತಾನಾಗಿ ನಿಲ್ಲುತ್ತದೆ. ಎಂ1 ಅನ್ನುವ ಮಾಮೂಲಿ ಸೆಟ್ಟಿಂಗ್‌ನ ಅರ್ಥವೇ ಅದು, ಕ್ಯಾರಿಯರ್, ಅಂದರೆ ಆ ಕಡೆಯ ಮೋಡೆಮ್‌ನ ಸಂಕೇತ, ಸಿಗುವ ತನಕ ಮಾತ್ರ ಸದ್ದು. ಗರಗರ ಒಮ್ಮೆ ನಿಂತು ಮತ್ತೆ ಶುರುವಾದರೆ ಮೋಡೆಮ್ ಮೊದಲು ಗೊತ್ತುಮಾಡಿದ ವೇಗ ಬಿಟ್ಟು ಕೆಳಗಿಳಿಯುತ್ತಿದೆ ಎಂದು ಅರ್ಥ. ಮಳೆಗಾಲದ ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿ ಗೇರ್ ಇಳಿಸುತ್ತಾ ಹೋಗುವ ಹಾಗೆ, ಸೆಕೆಂಡಿಗೆ 44 ಸಾವಿರ ಬಿಟ್‌ನಿಂದ 33ಕ್ಕೆ, ಅಲ್ಲಿಂದ 28ಕ್ಕೆ. ಪಕ್ಕದ ಕೋಣೆಯಿಂದ ಕೇಳಿದರೂ ನನಗೆ ಇವತ್ತು ಎಷ್ಟರ ವೇಗ ಸಿಗುತ್ತದೆ ಅಂತ ಅಂದಾಜಾಗುತ್ತಿತ್ತು.

56ಕೆ ಅಂತ ಡಬ್ಬಿಯ ಮೇಲೆ ಬರೆದದ್ದು ನಮಗೆ ಯಾರಿಗೂ ಸಿಕ್ಕಿರಲಿಲ್ಲ. ಅದಕ್ಕೆ ಕಾರಣ ಇದೆ. ಫೋನ್ ಎಕ್ಸ್‌ಚೇಂಜ್ ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ ಬರೆದುಕೊಳ್ಳುತ್ತದೆ. ಅದರಲ್ಲಿ 7 ಬಿಟ್ ಮಾತ್ರ ಭರವಸೆಯಿಂದ ಬಳಸಬಹುದು ಅಂತ ಹಿಡಿದರೆ 56,000. 1998ರಲ್ಲಿ ಬಂದ ವಿ.90 ಮಾನದಂಡ ನಿಂತಿರುವುದು ಈ ಲೆಕ್ಕದ ಮೇಲೆ. ಸೇವಾದಾರರ ಕಡೆ ಪೂರ್ತಿ ಡಿಜಿಟಲ್ ಇರಬೇಕು, ಅನಲಾಗ್ ಆಗುವುದು ನಮ್ಮ ಮನೆಯ ತಂತಿಯಲ್ಲಿ ಒಂದೇ ಸಲ ಆಗಿರಬೇಕು. ಅದೂ ಇಳಿಕೆಗೆ ಮಾತ್ರ. ನಮ್ಮಿಂದ ಹೋಗುವುದಕ್ಕೆ 33.6 ಕೆಬಿಪಿಎಸ್‌ನ ಮಿತಿ. ಸಣ್ಣ ಊರುಗಳಿಗೂ ಡಿಜಿಟಲ್ ಎಕ್ಸ್‌ಚೇಂಜ್ ಬಂದದ್ದು ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನಿಂದ. ಅವರ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು 1986ರಲ್ಲಿ, ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಹಾಗಾಗಿ ಎಕ್ಸ್‌ಚೇಂಜ್‌ನಲ್ಲಿ ತೊಂದರೆ ಕಡಿಮೆ. ತೊಂದರೆ ಇದ್ದದ್ದು ಎಕ್ಸ್‌ಚೇಂಜ್‌ನಿಂದ ನಮ್ಮ ಹಲಸಿನ ಮರದ ತನಕದ ತಾಮ್ರದಲ್ಲಿ.

ಇದನ್ನು ಪರೀಕ್ಷೆ ಮಾಡಲು ಯಾವ ಯಂತ್ರವೂ ಬೇಡ. ರಿಸೀವರ್ ಎತ್ತಿ ಒಂದು ಅಂಕೆ ಒತ್ತಬೇಕು. ಟೋನ್ ನಿಲ್ಲುತ್ತದೆ. ಆಗ ಕೇಳುವ ಮೌನದಲ್ಲಿ ಚಟಪಟ ಇದ್ದರೆ ಲೈನ್ ಒದ್ದೆ. ಪಕ್ಕದ ಮನೆಯವರ ಮಾತು ತೆಳುವಾಗಿ ಕೇಳಿದರೆ ಎಲ್ಲೋ ತಂತಿಗಳು ತಾಗಿವೆ. ಜುಲೈಯಲ್ಲಿ ಲೈನ್‌ಮ್ಯಾನ್ ಬರುವ ತನಕ ಕಾಯುವ ಬದಲು ಮೋಡೆಮ್‌ಗೆ ವಿ.90 ಬೇಡ, ಅದಕ್ಕಿಂತ ಹಳೆಯ ವಿ.34ರಲ್ಲೇ ಇರು ಅಂತ ಒಂದು ಆದೇಶ ಕೊಡುತ್ತಿದ್ದೆ. ವೇಗ ಕಡಿಮೆ, ಆದರೆ ಕಡಿದುಹೋಗುವುದಿಲ್ಲ. ಇಮೇಲ್‌ಗೆ ಎಷ್ಟು ವೇಗ ಬೇಕು ಹೇಳಿ?

ಈಗ 691ಕ್ಕೆ ಬರುತ್ತೇನೆ.

ಇಲ್ಲಿವರೆಗಿನದ್ದೆಲ್ಲ ಕಣ್ಣಿಗೆ, ಕಿವಿಗೆ, ಕೈಗೆ ಸಿಗುವ ತೊಂದರೆ. ಮೋಡೆಮ್‌ನ ಸದ್ದು ನಿಂತು, ಪರದೆಯಲ್ಲಿ ಯೂಸರ್‌ನೇಮ್ ಪಾಸ್‌ವರ್ಡ್ ಪರಿಶೀಲನೆ ಅಂತ ಬಂದ ಮೇಲೆ ವಿಷಯ ನಮ್ಮ ಮನೆ ದಾಟಿ ಹೋಗುತ್ತದೆ. ಆ ಕಡೆ ನಮ್ಮ ಕರೆ ಎತ್ತಿದ ಯಂತ್ರಕ್ಕೆ ನಾವು ಯಾರು ಅಂತ ಗೊತ್ತಿಲ್ಲ. ಅದು ನಮ್ಮ ಹೆಸರು, ಪಾಸ್‌ವರ್ಡ್ ತೆಗೆದುಕೊಂಡು ಇನ್ನೊಂದು ಯಂತ್ರವನ್ನು ಕೇಳುತ್ತದೆ. ಆ ಇನ್ನೊಂದು ಯಂತ್ರದ ಭಾಷೆಗೆ ರೇಡಿಯಸ್ ಅಂತ ಹೆಸರು. ಅದರ ಉತ್ತರ ಸಾಮಾನ್ಯವಾಗಿ ಎರಡು ಬಗೆ: ಒಳಗೆ ಬಿಡು, ಅಥವಾ ಬಿಡಬೇಡ. ಬಿಡಬೇಡ ಅನ್ನುವಾಗ ಜೊತೆಗೆ ಒಂದು ಸಾಲು ಕಾರಣ ಕಳಿಸಲು ಅದರಲ್ಲಿ ಜಾಗ ಇದೆ. ಆದರೆ ನಮ್ಮ ಪರದೆಗೆ ಬಂದು ಮುಟ್ಟುತ್ತಿದ್ದದ್ದು 691 ಒಂದೇ. ಗಂಟೆ ಮುಗಿದರೂ 691. ವ್ಯಾಲಿಡಿಟಿ ಮುಗಿದರೂ 691. ಹೆಸರಿನ ಕೊನೆಗೆ ಅಟ್ ಚಿಹ್ನೆ ಹಾಕಿ ಸೇವೆಯ ಹೆಸರು ಸೇರಿಸಬೇಕಿತ್ತು, ಸೇರಿಸಲಿಲ್ಲ, 691. ನಿಜವಾಗಿ ಪಾಸ್‌ವರ್ಡ್ ತಪ್ಪಿದ್ದರೂ 691.

ನಿಜವಾಗಿ ತಪ್ಪಿರುವ ಕೇಸುಗಳನ್ನು ಬೇಗ ಮುಗಿಸಿಬಿಡುತ್ತೇನೆ. ಪ್ಯಾಕ್‌ನ ಒಳಗೆ ಕೆರೆದು ನೋಡುವ ಪಟ್ಟಿಯಲ್ಲಿ ಪಾಸ್‌ವರ್ಡ್ ಇರುತ್ತಿತ್ತು. ಸೊನ್ನೆಯೋ ಇಂಗ್ಲಿಷ್ ಓ ಅಕ್ಷರವೋ, ಒಂದೋ ಸಣ್ಣ ಎಲ್ಲೋ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಣ್ಯದಲ್ಲಿ ಜೋರಾಗಿ ಕೆರೆದು ಅಕ್ಷರವನ್ನೇ ತೆಗೆದವರೂ ಉಂಟು. ಕ್ಯಾಪ್ಸ್ ಲಾಕ್ ಅಂತೂ ಇದ್ದೇ ಇತ್ತು. ಪಾಸ್‌ವರ್ಡ್ ಜಾಗದಲ್ಲಿ ನಕ್ಷತ್ರ ಮಾತ್ರ ಕಾಣುವುದರಿಂದ, ನಾನು ಮೊದಲು ನೋಟ್‌ಪ್ಯಾಡ್‌ನಲ್ಲಿ ಬರೆಸಿ, ಕಣ್ಣಾರೆ ನೋಡಿ, ಅಲ್ಲಿಂದ ಕಾಪಿ ಮಾಡಿಸುತ್ತಿದ್ದೆ.

ವಿಂಡೋಸ್ 98ರಲ್ಲಿ ಇನ್ನೊಂದು ವಿಚಿತ್ರ. "ಪಾಸ್‌ವರ್ಡ್ ನೆನಪಿಡು" ಅನ್ನುವ ಟಿಕ್ ಮಂಕಾಗಿ, ಒತ್ತಲಿಕ್ಕೇ ಆಗುತ್ತಿರಲಿಲ್ಲ. ಕಂಪ್ಯೂಟರ್ ಶುರುವಾಗುವಾಗ ಬೇರೊಂದು ಪೆಟ್ಟಿಗೆ ಬಂದು ವಿಂಡೋಸ್‌ನ ಹೆಸರು ಪಾಸ್‌ವರ್ಡ್ ಕೇಳುತ್ತಿತ್ತು. ಎಲ್ಲರೂ ಅದನ್ನು ಎಸ್ಕೇಪ್ ಒತ್ತಿ ಓಡಿಸುತ್ತಿದ್ದರು. ಓಡಿಸಿದರೆ ವಿಂಡೋಸ್‌ಗೆ ನೀವು ಯಾರೆಂದು ಗೊತ್ತಿಲ್ಲ, ಗೊತ್ತಿಲ್ಲದವರ ಪಾಸ್‌ವರ್ಡ್ ಯಾರ ಹೆಸರಿನ ಫೈಲಿನಲ್ಲಿ ಇಡುವುದು? ಹಾಗಾಗಿ ನೆನಪಿಡುವುದಿಲ್ಲ. ಅಲ್ಲಿ ಪಾಸ್‌ವರ್ಡ್ ಖಾಲಿ ಬಿಟ್ಟು ಓಕೆ ಒತ್ತಿದರೂ ಸಾಕಿತ್ತು. ಎಸ್ಕೇಪ್‌ಗೂ ಓಕೆಗೂ ಇಷ್ಟು ವ್ಯತ್ಯಾಸ ಇದೆ ಅಂತ ಮನೆಯವರಿಗೆ ನಂಬಿಸುವುದೇ ಕಷ್ಟ.

ಪಾಸ್‌ವರ್ಡ್ ಕಳಿಸುವ ವಿಧಾನದಲ್ಲೂ ಜಗಳ ಇತ್ತು. ಪಿಪಿಪಿಯಲ್ಲಿ ಹಳೆಯ ಎರಡು ದಾರಿಗಳು, ಪ್ಯಾಪ್ ಮತ್ತು ಚಾಪ್. ಪ್ಯಾಪ್‌ನಲ್ಲಿ ಪಾಸ್‌ವರ್ಡ್ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಚಾಪ್‌ನಲ್ಲಿ ಆ ಕಡೆಯವರು ಪ್ರತಿ ಸಲ ಒಂದು ಹೊಸ ಸವಾಲು ಕಳಿಸುತ್ತಾರೆ. ನಮ್ಮ ಕಂಪ್ಯೂಟರ್ ಅದಕ್ಕೆ ಪಾಸ್‌ವರ್ಡ್ ಸೇರಿಸಿ ಹಿಂದಕ್ಕೆ ಬಿಡಿಸಲಾಗದ ಎಂಡಿ5 ಲೆಕ್ಕ ಮಾಡಿ ಉತ್ತರ ಮಾತ್ರ ಕಳಿಸುತ್ತದೆ. ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ. ಕೇಳಲಿಕ್ಕೆ ಚಾಪ್ ಒಳ್ಳೆಯದು. ಆದರೆ ಅದೇ ಲೆಕ್ಕವನ್ನು ಆ ಕಡೆಯೂ ಮಾಡಬೇಕು, ಅದಕ್ಕೆ ಅವರು ಎಲ್ಲರ ಪಾಸ್‌ವರ್ಡನ್ನು ಓದಬಹುದಾದ ರೂಪದಲ್ಲೇ ಇಟ್ಟುಕೊಂಡಿರಬೇಕು. ಪ್ಯಾಪ್‌ನಲ್ಲಿ ಆ ಗೋಜಿಲ್ಲ, ಗುಟ್ಟಾಗಿ ಕಲಸಿಟ್ಟ ರೂಪ ಇದ್ದರೂ ಹೋಲಿಸಿ ನೋಡಬಹುದು. ತಂತಿಯ ಮೇಲೆ ಗುಟ್ಟು ಬೇಕೋ, ಅವರ ಕಪಾಟಿನಲ್ಲಿ ಗುಟ್ಟು ಬೇಕೋ? ಎರಡೂ ಒಟ್ಟಿಗೆ ಸಿಗುವುದಿಲ್ಲ. ಪ್ಯಾಪ್ ಮಾತ್ರ ಒಪ್ಪುವ ಸೇವೆಗಳು ಆಗ ಬೇಕಾದಷ್ಟಿದ್ದವು. ಹೆಚ್ಚು ಭದ್ರತೆ ಇರಲಿ ಅಂತ ಯಾರಾದರೂ "ಎನ್‌ಕ್ರಿಪ್ಟ್ ಆದ ಪಾಸ್‌ವರ್ಡೇ ಬೇಕು" ಅನ್ನುವ ಟಿಕ್ ಹಾಕಿದ್ದರೆ ನಮ್ಮ ಕಂಪ್ಯೂಟರ್ ಪ್ಯಾಪ್‌ಗೆ ಒಪ್ಪುವುದಿಲ್ಲ, ಅವರು ಚಾಪ್‌ಗೆ ಒಪ್ಪುವುದಿಲ್ಲ. ಕರೆ ಕಟ್. ಟಿಕ್ ತೆಗೆದರೆ ಸರಿ.

ಟಿಕ್ ತೆಗೆದೂ ಸರಿಯಾಗದ್ದು ದೆವ್ವದ ಸೆಷನ್. ಹೆಸರು ನಾನಿಟ್ಟದ್ದು. ಒಂದು ಖಾತೆಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಒಳಗಿರಬಹುದು ಅನ್ನುವ ನಿಯಮ ಇರುತ್ತದೆ. ನೀವು ಒಳಗಿದ್ದೀರಿ, ಯಾರದೋ ಫೋನ್ ಬಂತು, ಕಾಲ್ ವೇಟಿಂಗ್‌ನ ಬೀಪ್‌ಗೆ ಮೋಡೆಮ್ ಬೆಚ್ಚಿ ಲೈನ್ ಬಿಟ್ಟಿತು. ಕರೆ ಎತ್ತಿದ ಯಂತ್ರ ಆಗ ರೇಡಿಯಸ್‌ಗೆ ಇವರು ಹೊರಗೆ ಹೋದರು ಅಂತ ಒಂದು ಚೀಟಿ ಕಳಿಸಬೇಕು. ರೇಡಿಯಸ್ ಓಡುವುದು ಯುಡಿಪಿ ಅನ್ನುವ ಸರಳ ಸಾಗಣೆ ವಿಧಾನದಲ್ಲಿ. ಅದರಲ್ಲಿ ಚೀಟಿ ಮುಟ್ಟುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಮುಟ್ಟದಿದ್ದರೆ ಅವರ ಪುಸ್ತಕದಲ್ಲಿ ನೀವು ಇನ್ನೂ ಒಳಗೇ ಇದ್ದೀರಿ. ನೀವೇ ಮತ್ತೆ ಡಯಲ್ ಮಾಡಿದರೆ ಎರಡನೆಯವರು ಬಂದರು ಅಂತ ಹೊರಗೆ ಹಾಕುತ್ತದೆ. 691. ಪಾಸ್‌ವರ್ಡ್ ಮತ್ತೆ ಮತ್ತೆ ಒತ್ತಿ ಪ್ರಯೋಜನ ಇಲ್ಲ. ಸುಮ್ಮನೆ ಒಂದು ಚಾ ಕುಡಿದು ಬಂದರೆ ಹಳೆಯ ಸೆಷನ್ ತಾನಾಗಿ ಸಾಯುತ್ತದೆ, ಅದೇ ಪಾಸ್‌ವರ್ಡಿಗೆ ಬಾಗಿಲು ತೆರೆಯುತ್ತದೆ. ಈ ಚಾ ಚಿಕಿತ್ಸೆಯನ್ನು ಜನ ನಂಬುತ್ತಿರಲಿಲ್ಲ, ಆದರೆ ಮಾಡುತ್ತಿದ್ದರು.

ಅಂಬಲಪಾಡಿ ಕಡೆ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಚಾ ಕೂಡ ಸೋತಿತು. ಬೆಳಿಗ್ಗೆ ಕೂಡಲೇ ಒಳಗೆ, ಸಂಜೆಯಾದರೆ 691, ರಾತ್ರಿ ಹತ್ತರ ತನಕ. ಲೈನ್ ಚೊಕ್ಕ, ವೇಗ ಚೆನ್ನ. ಗಂಟೆಗಳು ಮಾತ್ರ ಅವರು ಬಳಸಿದ್ದಕ್ಕಿಂತ ಬೇಗ ಕರಗುತ್ತಿದ್ದವು. ಆ ಒಂದು ಮಾತಿನಿಂದ ನನಗೆ ಸಂಶಯ ಬಂತು. ಬೆಳಿಗ್ಗೆಯೇ ಹೋಗಿ ಒಳಗೆ ಹೊಕ್ಕು ಪಾಸ್‌ವರ್ಡ್ ಬದಲಾಯಿಸಿಕೊಟ್ಟೆ. ಅದೇ ಸಂಜೆ ಮಂಗಳೂರಿನಿಂದ, ಬಿಜೈಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಅವರ ತಂಗಿಯ ಮಗನ ಫೋನ್: "ಮಾವ, ನಿಮ್ಮಲ್ಲಿ ಇಂಟರ್ನೆಟ್ ಬರ್ತಾ ಉಂಟಾ? ಇಲ್ಲಿ ಬರುದಿಲ್ಲ." ರಜೆಯಲ್ಲಿ ಬಂದಾಗ ಹುಡುಗ ಪ್ಯಾಕ್‌ನ ಚೀಟಿ ನೋಡಿ ಬರೆದುಕೊಂಡಿದ್ದ. ಮೇಷ್ಟ್ರು ಬೇರೇನೂ ಹೇಳಲಿಲ್ಲವಂತೆ. "ಇಲ್ಲೂ ಬರುದಿಲ್ಲ ಮಗ" ಅಂದರಂತೆ.

691 ಯಾಕೆ ಎಲ್ಲದಕ್ಕೂ ಒಂದೇ ಮಾತು ಹೇಳುತ್ತದೆ ಅನ್ನುವುದಕ್ಕೆ ಒಂದು ಸಮರ್ಥನೆ ಇದೆ, ಅದು ಪೂರ್ತಿ ಸುಳ್ಳೂ ಅಲ್ಲ. ಹೆಸರು ಸರಿ, ಪಾಸ್‌ವರ್ಡ್ ಮಾತ್ರ ತಪ್ಪು ಅಂತ ಬಿಡಿಸಿ ಹೇಳಿದರೆ ಕಳ್ಳನಿಗೆ ಅರ್ಧ ಕೆಲಸ ಮಾಡಿಕೊಟ್ಟ ಲೆಕ್ಕ. ಸರಿಯೇ. ಆದರೆ ಸರಿಯಾದ ಹೆಸರು, ಸರಿಯಾದ ಪಾಸ್‌ವರ್ಡ್ ಎರಡೂ ಕೊಟ್ಟವನಿಗೆ ನಿನ್ನ ಗಂಟೆ ಮುಗಿದಿದೆ ಅಂತ ಹೇಳಿದರೆ ಯಾವ ಗುಟ್ಟು ರಟ್ಟಾಗುತ್ತದೆ? ಅಲ್ಲಿ ಭದ್ರತೆಯ ಮಾತಿಲ್ಲ, ಉದಾಸೀನ ಅಷ್ಟೇ ಅಂತ ನನ್ನ ಅಭಿಪ್ರಾಯ. ಇದರಿಂದ ಆದ ನಷ್ಟ ಸಣ್ಣದಲ್ಲ. ಏನೂ ತಪ್ಪು ಮಾಡದ ಹಿರಿಯರು ತಮ್ಮ ಬೆರಳನ್ನೇ ಸಂಶಯ ಮಾಡಿಕೊಂಡು, ಕನ್ನಡಕ ಒರೆಸಿಕೊಂಡು, ಒಂದೊಂದೇ ಅಕ್ಷರ ಮತ್ತೆ ಒತ್ತುವುದನ್ನು ನಾನು ಬಹಳ ನೋಡಿದ್ದೇನೆ.

ಈ ಪ್ರಶ್ನೆಯ ಇನ್ನೊಂದು ಮುಖ ನನಗೆ ಗೊತ್ತಾದದ್ದು ವಿಂಡೋಸ್ ಬದಲು ಬಳಸುವ ಲಿನಕ್ಸ್‌ನಿಂದ. ಸುರತ್ಕಲ್‌ನಲ್ಲಿ ಓದುತ್ತಿದ್ದ ಗೆಳೆಯ ಸಿಡಿ ತಂದಿದ್ದ. ಮೊದಲ ಅಡ್ಡಿ ಮೋಡೆಮ್. ಅಗ್ಗದ ಇಂಟರ್ನಲ್ ಕಾರ್ಡ್‌ಗಳು ಹೆಚ್ಚಿನ ಕೆಲಸವನ್ನು ವಿಂಡೋಸ್‌ನ ಡ್ರೈವರ್‌ನಿಂದ ಮಾಡಿಸಿಕೊಳ್ಳುವ ವಿನ್‌ಮೋಡೆಮ್‌ಗಳು. ಲಿನಕ್ಸ್‌ನಲ್ಲಿ ಅವು ಬರೀ ತಗಡು. ಯಾರದೋ ಎಕ್ಸ್‌ಟರ್ನಲ್ ಮೋಡೆಮ್ ಎರವಲು ತಂದು ಡಯಲ್ ಮಾಡಿದರೆ, ಪಿಪಿಪಿ ಪ್ರೋಗ್ರಾಮ್ ವಿಚಿತ್ರ ದೂರು ಹೇಳಿತು: ಆ ಕಡೆಯವರು ತಾವು ಯಾರೆಂದು ಸಾಬೀತು ಮಾಡಲು ಒಪ್ಪುತ್ತಿಲ್ಲ. ವಿಂಡೋಸ್ ಎಂದೂ ಕೇಳದ ಪ್ರಶ್ನೆಯನ್ನು ಅದು ಕೇಳಿತ್ತು. ನೀವು ನನ್ನ ಪಾಸ್‌ವರ್ಡ್ ಕೇಳುತ್ತೀರಿ, ನೀವು ಯಾರು? ಪಿಪಿಪಿಯಲ್ಲಿ ಎರಡೂ ಕಡೆಯವರು ಪರಸ್ಪರ ಗುರುತು ಕೇಳಬಹುದು. ಯಾವ ಸೇವಾದಾರರೂ ಗಿರಾಕಿಗೆ ಗುರುತು ತೋರಿಸುವ ವ್ಯವಸ್ಥೆ ಇಟ್ಟುಕೊಂಡಿರಲಿಲ್ಲ. ಎಲ್ಲರೂ ಮಾಡಿದ ಹಾಗೆ ನಾವೂ ನೋಆಥ್ ಅಂತ ಒಂದು ಪದ ಸೇರಿಸಿ ಆ ಪ್ರಶ್ನೆಯ ಬಾಯಿ ಮುಚ್ಚಿಸಿದೆವು, ಸಂಪರ್ಕ ಆಯಿತು. ಆದರೆ ಪ್ರಶ್ನೆ ಸರಿಯಾಗಿತ್ತು. ಆ ಕಾಲದಲ್ಲೇ ಕಂಪ್ಯೂಟರ್ ಹೊಕ್ಕು ನಂಬರ್ ಬದಲಾಯಿಸಿ, ಗೊತ್ತಿಲ್ಲದೆ ವಿದೇಶಕ್ಕೆ ಕರೆ ಹೋಗುವಂತೆ ಮಾಡುವ ಡಯಲರ್ ವೈರಸ್‌ಗಳು ಬಂದವು. ಬಿಲ್ ಬಂದ ಮೇಲೆಯೇ ಜನರಿಗೆ ಗೊತ್ತಾಗುತ್ತಿದ್ದದ್ದು. ಫೋನ್ ಎತ್ತಿದವರು ಯಾರು ಅಂತ ಕಂಪ್ಯೂಟರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಬಿಎಸ್‌ಎನ್‌ಎಲ್ ಆಮೇಲೆ ನೆಟ್‌ಒನ್ ತಂದಾಗ ಗುರುತಿನ ಗಲಾಟೆಯೇ ಬೇಡ ಅನ್ನಿಸಿತ್ತು. 172222ಕ್ಕೆ ಡಯಲ್ ಮಾಡಿದರೆ ಯಾವ ಫೋನಿನಿಂದ ಕರೆ ಬಂತು ಅನ್ನುವುದೇ ಗುರುತು. ಖರ್ಚು ಫೋನ್ ಬಿಲ್ಲಿಗೇ ಸೇರುತ್ತದೆ. ಪ್ಯಾಕ್ ಇಲ್ಲ, ಕೆರೆಯುವ ಪಟ್ಟಿ ಇಲ್ಲ. ಅಂದರೆ ಮನೆಯ ತಾಮ್ರವೇ ಪಾಸ್‌ವರ್ಡ್. ಮನೆಯೊಳಗೆ ಇರುವ ಯಾರು ಬೇಕಾದರೂ ಯಜಮಾನ. ಮಕ್ಕಳಿಗೆ ಭಾರೀ ಖುಷಿ. ಬಿಲ್ ನೋಡಿದ ಅಪ್ಪಂದಿರ ಬಗ್ಗೆ ಬರೆಯುವುದಿಲ್ಲ.

ಇದೆಲ್ಲ ಮುಗಿದ ಕಥೆ ಅಂತ ಅಂದುಕೊಂಡಿದ್ದರೆ ನಿಮ್ಮ ಫೈಬರ್ ರೂಟರಿನ ಸೆಟ್ಟಿಂಗ್ ಪುಟ ಒಮ್ಮೆ ತೆರೆದು ನೋಡಿ. ವಾನ್ ಅನ್ನುವ ಕಡೆ ಪಿಪಿಪಿಒಇ ಅಂತ ಇರಬಹುದು, ಕೆಳಗೆ ಯೂಸರ್‌ನೇಮ್, ಪಾಸ್‌ವರ್ಡ್. ಅದೇ ಪಿಪಿಪಿ. ಮೋಡೆಮ್ ತೆಗೆದು ಈಥರ್ನೆಟ್ ಮೇಲೆ ಕೂರಿಸಿದ್ದಾರೆ. ಆ ಮಾನದಂಡ ಬರೆದದ್ದು 1999ರ ಫೆಬ್ರವರಿಯಲ್ಲಿ. ಒಳಗೆ ಇನ್ನೂ ಅದೇ ಪ್ಯಾಪ್, ಅದೇ ಚಾಪ್. ಹಿಂದೆ ನಿಂತಿರುವುದು ಹೆಚ್ಚಾಗಿ ಅದೇ ರೇಡಿಯಸ್. ಸದ್ದಿಲ್ಲದ್ದರಿಂದ ಎಲ್ಲಿವರೆಗೆ ಬಂತು ಅಂತ ತಿಳಿಯಲು ಈಗ ದೀಪ ನೋಡಬೇಕು. ಪಾನ್ (PON) ದೀಪ ಹಸಿರು, ಸಿಗ್ನಲ್ ಇಲ್ಲ ಅನ್ನುವ ಲಾಸ್ (LOS) ದೀಪ ಕೆಂಪಾಗಿಲ್ಲ ಅಂದರೆ ಗಾಜಿನ ತಂತಿ ಸರಿ ಇದೆ. ಇಂಟರ್ನೆಟ್ ದೀಪ ಮಾತ್ರ ಬರುತ್ತಿಲ್ಲ ಅಂದರೆ ತೊಂದರೆ ಆಮೇಲಿನದ್ದು, ಅದರಲ್ಲಿ ಆಥೆಂಟಿಕೇಶನ್, ಅಂದರೆ ಗುರುತಿನ ಪರಿಶೀಲನೆ, ಮೊದಲ ಅನುಮಾನ. ರೂಟರಿನ ಲಾಗ್ ತೆರೆದರೆ ಸಾಲಾಗಿ ಬರೆದಿರುತ್ತದೆ: ಆಥೆಂಟಿಕೇಶನ್ ಫೇಲ್ಡ್. ನಂಬರ್ ಹೋಯಿತು, ಮಾತು ಅದೇ.

ಹೋದ ಮಳೆಗಾಲದಲ್ಲಿ ಸಿಡಿಲಿಗೆ ನೆಂಟರ ಮನೆಯ ರೂಟರ್ ಹೋಯಿತು. ಹೊಸದಕ್ಕೆ ಅದೇ ಹೆಸರು, ಅದೇ ಪಾಸ್‌ವರ್ಡ್ ಹಾಕಿದರು. ಫೇಲ್ಡ್. ಸೇವಾದಾರರಿಗೆ ಫೋನ್ ಮಾಡಿದರೆ ಪಾಸ್‌ವರ್ಡ್ ರೀಸೆಟ್ ಮಾಡಿದ್ದೇವೆ ಅಂದರು. ಹೊಸ ಪಾಸ್‌ವರ್ಡಿಗೂ ಫೇಲ್ಡ್. ಮತ್ತೆ ಫೋನ್, ಮತ್ತೆ ರೀಸೆಟ್. ನನಗೆ ಸುದ್ದಿ ಬಂದಾಗ ನಾನು ಹೇಳಿದ್ದು ಇಷ್ಟೇ. ಪಾಸ್‌ವರ್ಡಿನ ವಿಷಯ ಎತ್ತಲೇ ಬೇಡಿ. ಮೂರು ಪ್ರಶ್ನೆ ಕೇಳಿ. ನನ್ನ ಖಾತೆಯಲ್ಲಿ ಹಳೆಯ ಸೆಷನ್ ತೆರೆದೇ ಇದೆಯಾ? ಹಳೆಯ ರೂಟರಿನ ಮ್ಯಾಕ್ ವಿಳಾಸಕ್ಕೆ, ಅಂದರೆ ಆ ಯಂತ್ರದ ಹುಟ್ಟು ನಂಬರಿಗೆ, ಖಾತೆಯನ್ನು ಕಟ್ಟಿಹಾಕಿದ್ದೀರಾ? ಪ್ಲ್ಯಾನ್ ಚಾಲ್ತಿಯಲ್ಲಿದೆಯಾ? ಕಾರಣ ಅವರ ಪರದೆಯಲ್ಲಿ ಇರುತ್ತದೆ, ಕೇಳಿದರೆ ಮಾತ್ರ ನೋಡುತ್ತಾರೆ.

ಎರಡನೆಯ ಪ್ರಶ್ನೆಗೆ ಆ ಕಡೆಯ ಹುಡುಗ ಸ್ವಲ್ಪ ಹೊತ್ತು ಕೀಬೋರ್ಡ್ ಕುಟ್ಟಿ, "ಹಳೆ ಮ್ಯಾಕ್ ಇತ್ತು ಸರ್, ತೆಗ್ದಿದ್ದೇನೆ, ಈಗ ನೋಡಿ" ಅಂದನಂತೆ. ಪಾಸ್‌ವರ್ಡ್ ಮೊದಲಿನದ್ದೋ ರೀಸೆಟ್ ಮಾಡಿದ್ದೋ ಅಂತ ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಿದ್ದ. ಕೊನೆಯ ರೀಸೆಟ್‌ನದ್ದು ಹಾಕಿದಾಗ ಬಂತು.